ಪಾದ 26.8 ಸೆಂ.ಮೀ., ಹೆಣ್ಣುಮಕ್ಕಳ ಓಟದ ಶೂ ಮಾತ್ರ 8ಕ್ಕೇ ನಿಲ್ತದ. ಏನು ಮಾಡಬೇಕ್ರಿ?

ಧಾರವಾಡದ ಓಟಗಾತಿ

ಎಲ್ಲಾರಿಗೂ ನಮಸ್ಕಾರ. ನಾನು ಮುಂಜಾನೆ ಕರ್ನಾಟಕ ಯೂನಿವರ್ಸಿಟಿ ಕ್ಯಾಂಪಸ್ಸಿನಾಗ ಓಡತೀನಿ. ಈ ವರ್ಷ ಹಾಫ್ ಮ್ಯಾರಥಾನ್ ಓಡಬೇಕಂತ ತಯಾರಿ ನಡದದ. ಉಸಿರು, ಕಾಲಿನ ಶಕ್ತಿ ಎಲ್ಲಾ ಹೊಂದಿ ಬಂದಾವ. ಶೂ ಒಂದು ಬರವಲ್ದು.

ಎಡಗಾಲು 26.4 ಸೆಂ.ಮೀ., ಬಲಗಾಲು 26.8. ಬೆರಳಿನ ಬುಡದಾಗ ಅಗಲ 10.4. ಹುಬ್ಬಳ್ಳಿ-ಧಾರವಾಡದಾಗ ನಾ ನೋಡಿದ ಅಂಗಡಿಗಳೊಳಗ ಹೆಣ್ಣುಮಕ್ಕಳ ಓಟದ ಶೂ 7ಕ್ಕ ಮುಗೀತದ, ಭಾಳ ಅಂದ್ರ 8. ಆ 8 ಹಾಕ್ಕೊಂಡ್ರ ಉದ್ದ ಹೆಂಗೋ ಹೊಂದತದ, ಕಿರುಬೆರಳು ಮಾತ್ರ ಒತ್ತಿ ಹಿಡೀತದ. ಐದಾರು ಕಿಲೋಮೀಟರ್ ದಾಟಿದ ಮ್ಯಾಲೆ ಮುಂಗಾಲು ಜೋಮು ಹಿಡೀತದ, ಹೆಬ್ಬೆರಳಿನ ಉಗುರು ಕಪ್ಪಾಗೇದ. ಅಂಗಡಿಯವರು "ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತದ ರೀ ಮೇಡಂ" ಅಂತಾರ. ಅಲ್ಲೇ ಎದುರಿಗೆ ಗಂಡಸರ ಕಪಾಟಿನಾಗ 8, 9, 10 ಸಾಲಾಗಿ ಕುಂತಾವ. ಅವನ್ನ ತಗೊಂಡ್ರ ಹಿಮ್ಮಡ ಜಾರತದೇನೋ ಅಂತ ಅಂಜಿಕಿ.

ಗಂಡಸರ ಶೂ ಹಾಕ್ಕೊಂಡು ದೂರ ಓಡಿದ ಹೆಣ್ಣುಮಕ್ಕಳು ಯಾರರೆ ಇದ್ದೀರೇನು? ಅಗಲದ ಜೋಡಿ ನಮ್ಮ ಕಡೆ ಸಿಗತಾವೇನು?

ಇನ್ನೊಂದು ಮಾತು. "ಹೆಣ್ಣುಮಗಳಿಗೆ ಇಷ್ಟು ದೊಡ್ಡ ಪಾದಾನ?" ಅನ್ನೋದನ್ನ ಸಣ್ಣಾಕಿ ಇದ್ದಾಗಿಂದ ಕೇಳಕೋತ ಬಂದೀನಿ. ಇಲ್ಲೆ ಅದು ಬ್ಯಾಡ. ಪಾದ ಎಷ್ಟದನೋ ಅಷ್ಟಕ್ಕ ಶೂ ಬೇಕು, ಅಷ್ಟ.

ಕುಕ್ಕರಹಳ್ಳಿ ಬೆಳಗು

ಸರಿಯಾಗಿ ಹೇಳಿದ್ರಿ. ನಂದು 27 ಸೆಂ.ಮೀ. ಪಾದ. ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತೀನಿ, ವರ್ಷಗಳಿಂದ ಗಂಡಸರ ಶೂನಲ್ಲೇ. ಒಂದೊಂದಾಗಿ ಹೇಳ್ತೀನಿ.

ಅಳತೇನ ಸಂಜೆ ತಗೊಳ್ಳಿ. ದಿನವೆಲ್ಲಾ ಓಡಾಡಿದ ಪಾದ ಬೆಳಿಗ್ಗೆಗಿಂತ ಸ್ವಲ್ಪ ಊದಿರುತ್ತೆ, ದೂರದ ಓಟದಲ್ಲೂ ಹಾಗೇ ಊದುತ್ತೆ. ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆ ಮೇಲೆ ನಿಂತು, ಪೂರ್ತಿ ಭಾರ ಬಿಟ್ಟು, ಎಲ್ಲಕ್ಕಿಂತ ಮುಂದಿರೋ ಬೆರಳಿನ ತುದೀಲಿ ಗುರುತು ಹಾಕಿ. ಎಷ್ಟೋ ಜನಕ್ಕೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ ಇರುತ್ತೆ. ಕೂತ್ಕೊಂಡು ಅಳೆದ್ರೆ ಕಮ್ಮಿ ಬರುತ್ತೆ. ಎರಡು ಪಾದದಲ್ಲಿ ಯಾವುದು ದೊಡ್ಡದೋ ಅದರ ಲೆಕ್ಕಕ್ಕೇ ಶೂ.

ಆಮೇಲೆ, 8, 9 ಅನ್ನೋ ನಂಬರ್‌ನ ಮರೆತುಬಿಡಿ. ಶೂ ನಾಲಿಗೆಯ ಹಿಂಭಾಗದಲ್ಲಿ ಚಿಕ್ಕ ಲೇಬಲ್ ಹೊಲಿದಿರ್ತಾರೆ. ಅದರಲ್ಲಿ ಅಮೆರಿಕದ್ದು, ಬ್ರಿಟನ್ನಿಂದು, ಯೂರೋಪಿಂದು ಅಂತ ನಂಬರ್‌ಗಳ ಜೊತೆ ಸೆಂಟಿಮೀಟರ್ ಕೂಡ ಇರುತ್ತೆ. ನೋಡಬೇಕಾದ್ದು ಅದು. ನಮ್ಮಲ್ಲಿ ನಡೆಯೋ ಬ್ರಿಟನ್ ಲೆಕ್ಕದಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗ, ಅಂದ್ರೆ ಸುಮಾರು 8.5 ಮಿ.ಮೀ. ಅಂತರ. ಯೂರೋಪಿನ 41, 42 ಲೆಕ್ಕದಲ್ಲಿ ಅಂತರ ಸುಮಾರು 6.7 ಮಿ.ಮೀ. ಎರಡೂ ಕೂಡೋದೇ ಇಲ್ಲ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒಂದೊಂದು ಕಂಪನಿ ಒಂದೊಂದು ಕಡೆ ಸರಿಹೊಂದಿಸ್ಕೊಳ್ಳುತ್ತೆ. ಒಬ್ಬರ 8, ಇನ್ನೊಬ್ಬರ 8.5 ಆಗೋದು ಹೀಗೆ. ಲೇಬಲ್ಲಿನ ಸೆಂ.ಮೀ. ನಿಮ್ಮ ಪಾದಕ್ಕಿಂತ ಅರ್ಧದಿಂದ ಒಂದು ಸೆಂ.ಮೀ. ಹೆಚ್ಚಿರಲಿ. ಹಾಕ್ಕೊಂಡು ನಿಂತಾಗ ಮುಂದಿನ ಬೆರಳಿಗೂ ಶೂ ತುದಿಗೂ ನಡುವೆ ನಿಮ್ಮ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳೀಬೇಕು. ಇಳಿಜಾರಲ್ಲಿ ಪಾದ ಮುಂದಕ್ಕೆ ಹೋಗುತ್ತೆ, ಆ ಜಾಗ ಇಲ್ಲದಿದ್ರೆ ಉಗುರು ಕಪ್ಪಾಗೋದು ಖಂಡಿತ.

ಅಗಲಕ್ಕೆ ಇನ್ನೊಂದು ಪರೀಕ್ಷೆ ಇದೆ. ಶೂ ಒಳಗಿರೋ ಸೋಲ್ ಈಚೆ ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತ್ಕೊಳ್ಳಿ. ಪಾದ ಅದರ ಅಂಚು ದಾಟಿ ಹೊರಗೆ ಚೆಲ್ಲಿದ್ರೆ ಆ ಶೂ ನಿಮಗೆ ಕಿರಿದು. ಅಂಗಡಿಯವರು ಏನೇ ಹೇಳಲಿ, ವಾಪಸ್ ಇಟ್ಟು ಬನ್ನಿ.

ದಾವಣಗೆರೆ ಶೂ ಅಂಗಡಿ

ನಾನು ಅಂಗಡಿ ನಡೆಸೋನು, ಒಳಗಿನ ಸಂಗತಿ ಹೇಳ್ತೀನಿ ಮೇಡಂ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನೋದು ಚರ್ಮದ ಶೂ ಕಾಲದ ಮಾತು. ಚರ್ಮ ಹಿಗ್ಗುತ್ತೆ, ಮರದ ಅಚ್ಚು ಹಾಕಿ ಹಿಗ್ಗಿಸಲೂಬಹುದು. ಈಗಿನ ಓಟದ ಶೂ ಮೇಲ್ಭಾಗ ಜಾಲರಿ ಬಟ್ಟೆ, ಕೆಳಗಡೆ ಫೋಮ್. ಬಟ್ಟೆ ಎಲ್ಲೋ ಒಂಚೂರು ಮೆತ್ತಗಾಗುತ್ತೆ, ಕೆಳಗಿನ ಫೋಮಿನ ಅಗಲ ಎಂದಿಗೂ ಬದಲಾಗಲ್ಲ. ಅಂಗಡಿಯಲ್ಲಿ ಒತ್ತಿದ ಶೂ ರಸ್ತೆಯಲ್ಲೂ ಒತ್ತುತ್ತೆ.

ದೊಡ್ಡ ಸೈಜು ಯಾಕೆ ಇರಲ್ಲ ಅಂದ್ರೆ, ಮಾಲು ಬರೋದು ಸೆಟ್ಟಿನಲ್ಲಿ. ಹೆಂಗಸರ ಒಂದು ಪೆಟ್ಟಿಗೆಯಲ್ಲಿ 4, 5, 6 ಹೆಚ್ಚು ಜೋಡಿ, 7 ಕಮ್ಮಿ, 8 ಒಂದು ಇದ್ರೆ ಇದ್ದ ಹಾಗೆ. ಆ ಒಂದು ಜೋಡಿ ಹೋಗದೆ ಉಳಿದ್ರೆ ವರ್ಷದ ಕೊನೆಗೆ ಅರ್ಧ ಬೆಲೆಗೆ ಕೊಡಬೇಕು. ಅದನ್ನ ನೋಡಿ ನಮ್ಮವರು "ದೊಡ್ಡ ಸೈಜು ಯಾರೂ ಕೇಳಲ್ಲ" ಅಂತ ತೀರ್ಮಾನ ಮಾಡಿಬಿಡ್ತಾರೆ. ಕೇಳೋಕೆ ಬಂದವರು ಒಂದು ಸಲ ಇಲ್ಲ ಅನ್ನಿಸ್ಕೊಂಡ ಮೇಲೆ ಮತ್ತೆ ಬರಲ್ಲ, ಅವರ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ದಯವಿಟ್ಟು ನಂಬರ್ ಬರೆಸಿ ಹೋಗಿ. ಅದೇ ಮಾದರಿಯ ದೊಡ್ಡ ಸೈಜು ಬೇರೆ ಊರಿನ ಗೋದಾಮಿನಲ್ಲಿ ಇರುತ್ತೆ, ತರಿಸಿ ಕೊಡೋಕೆ ಆಗುತ್ತೆ. ಬೇಡಿಕೆ ಬರವಣಿಗೆಯಲ್ಲಿದ್ರೆ ಮುಂದಿನ ಸಲ ಆರ್ಡರ್ ಕೊಡುವಾಗ ನಾವೂ ಬಾಯಿ ಬಿಟ್ಟು ಕೇಳಬಹುದು.

ಧಾರವಾಡದ ಓಟಗಾತಿ

ಅಣ್ಣಾ, ಈ ಸೆಟ್ಟಿನ ವಿಚಾರ ನನಗ ಗೊತ್ತ ಇರಲಿಲ್ಲ. ಅದಕ್ಕ ಎಲ್ಲಾ ಕಡೆ ಒಂದ ಉತ್ತರ ಸಿಗತದ ಹಂಗಾರ. ಸೋಲ್ ತಗದು ಮ್ಯಾಲೆ ನಿಂತು ನೋಡಿದೆ. ಎರಡೂ ಕಡೆ ಪಾದ ಹೊರಗ ಚೆಲ್ಲೇದ, ಕಿರುಬೆರಳಂತೂ ಪೂರ್ತಿ ಹೊರಗ.

ಕಡಲೂರಿನ ಫಿಸಿಯೋ

ಮಂಗಳೂರಿನವಳು, ಓಟಗಾರರ ಕಾಲು ನೋಡುವುದೇ ನನ್ನ ಕೆಲಸ. ಜೋಮು ಹಿಡಿಯುವುದನ್ನು ಹಗುರವಾಗಿ ತಗೊಳ್ಬೇಡಿ. ಮುಂಗಾಲಿನ ಮೂಳೆಗಳ ಸಂದಿಯಲ್ಲಿ ನರ ಹೋಗ್ತದೆ. ಕಿರಿದಾದ ಶೂ ಆ ಮೂಳೆಗಳನ್ನು ಒಂದಕ್ಕೊಂದು ಒತ್ತಿ ಇಟ್ಟರೆ ನರ ಕೆರಳ್ತದೆ. ಮೂರನೇ ಮತ್ತು ನಾಲ್ಕನೇ ಬೆರಳಿನ ಮಧ್ಯೆ ಉರಿ, ಒಳಗೆ ಸಣ್ಣ ಕಲ್ಲು ಸಿಕ್ಕಿಕೊಂಡ ಹಾಗೆ ಅನಿಸುವುದು, ಶೂ ಬಿಚ್ಚಿ ಪಾದ ತಿಕ್ಕಿದ ಕೂಡಲೇ ಸಮಾಧಾನ ಆಗುವುದು, ಇದೆಲ್ಲ ಅದರ ಲಕ್ಷಣ. ಮೊದಲ ಹಂತದಲ್ಲಿ ಅಗಲದ ಶೂ ಹಾಕಿದರೇ ಎಷ್ಟೋ ಜನರಿಗೆ ಕಡಿಮೆ ಆಗ್ತದೆ. ಶೂ ಬದಲಾಯಿಸಿದ ಮೇಲೂ ಉಳಿದರೆ ಮೂಳೆ ಡಾಕ್ಟರಿಗೆ ತೋರಿಸಬೇಕು.

ಹೆಬ್ಬೆರಳಿನ ಬುಡದಲ್ಲಿ ಗಂಟು ಬಂದು ಬೆರಳು ಒಳಕ್ಕೆ ವಾಲುವುದಕ್ಕೂ ಇದೇ ಮಾತು. ಮನೆತನದಲ್ಲಿ ಬಂದದ್ದೂ ಇರಬಹುದು, ಆದರೆ ಚೂಪು ಮೂತಿಯ ಶೂ ಅದನ್ನು ಹೆಚ್ಚು ಮಾಡ್ತದೆ.

ಉದ್ದ ಸಾಲದ್ದಕ್ಕೆ ಒಂದು ಸೈಜು ದೊಡ್ಡದು ತಗೊಳ್ಳುವುದು ಸರಿ. ಅಗಲ ಸಾಲದ್ದಕ್ಕೆ ಉದ್ದ ಹೆಚ್ಚು ಮಾಡುವುದು ಸರಿಯಲ್ಲ. ಶೂ ಮಡಚುವ ಜಾಗ ನಿಮ್ಮ ಬೆರಳಿನ ಬುಡಕ್ಕೆ ಸರಿಯಾಗಿ ಬರಬೇಕು. ಉದ್ದ ಜಾಸ್ತಿಯಾದರೆ ಅದು ಮುಂದೆ ಹೋಗ್ತದೆ, ಪ್ರತಿ ಹೆಜ್ಜೆಗೂ ಪಾದ ಶೂವಿನ ಜೊತೆ ಜಗಳ ಮಾಡಬೇಕಾಗ್ತದೆ.

ನ್ಯೂಜೆರ್ಸಿ ಕನ್ನಡತಿ

ನಾನು ಶಿವಮೊಗ್ಗದವಳು, ಈಗ ಇಲ್ಲಿದ್ದೇನೆ. ಅಗಲದ ಅಕ್ಷರಗಳ ಬಗ್ಗೆ ಹೇಳುತ್ತೇನೆ, ಭಾರತದ ಪೆಟ್ಟಿಗೆಗಳ ಮೇಲೂ ಈಗ ಅವು ಕಾಣುತ್ತವೆ.

ಅಮೆರಿಕದ ಲೆಕ್ಕದಲ್ಲಿ ಹೆಂಗಸರ ಸಾಮಾನ್ಯ ಅಗಲ ಬಿ, ಅದಕ್ಕಿಂತ ಅಗಲ ಡಿ, ಇನ್ನೂ ಅಗಲ 2ಇ. ಗಂಡಸರಿಗೆ ಸಾಮಾನ್ಯವೇ ಡಿ, ಅಗಲ 2ಇ, ಬಹಳ ಅಗಲ 4ಇ. ಅಂದರೆ ಗಂಡಸರ ಮಾಮೂಲಿ ಶೂ ಹೆಂಗಸರ ಅಗಲದ ಶೂಗೆ ಹತ್ತಿರ ಹತ್ತಿರ ಸಮ. ಧಾರವಾಡದ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಬಹುಪಾಲು ಇಲ್ಲೇ ಇದೆ. ಅಮೆರಿಕದ ನಂಬರ್‌ನಲ್ಲಿ ಗಂಡಸರದು ಸಾಮಾನ್ಯವಾಗಿ ಹೆಂಗಸರದಕ್ಕಿಂತ ಒಂದೂವರೆ ಕಡಿಮೆ. ಹೆಂಗಸರ 10.5 ಆದರೆ ಗಂಡಸರ 9. ಅಲ್ಲೂ ಕಂಪನಿಯಿಂದ ಕಂಪನಿಗೆ ಅರ್ಧ ಸೈಜು ಆಚೀಚೆ ಆಗುತ್ತದೆ, ಕೊನೆಗೆ ಸೆಂ.ಮೀ. ನೋಡಲೇಬೇಕು.

ಇಲ್ಲಿನ ಓಟದ ಅಂಗಡಿಗಳಲ್ಲಿ ಲೋಹದ ಒಂದು ಅಳತೆ ಸಾಧನ ಇಟ್ಟಿರುತ್ತಾರೆ, ಬ್ರಾನಕ್ ಅಂತ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲಿ ರೂಪಿಸಿದ್ದು. ಅದು ಪಾದದ ಉದ್ದ ಮತ್ತು ಅಗಲದ ಜೊತೆಗೆ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗಿನ ಉದ್ದವನ್ನೂ ಬೇರೆಯಾಗಿ ತೋರಿಸುತ್ತದೆ. ಫಿಸಿಯೋ ಅಕ್ಕ ಹೇಳಿದ ಶೂ ಮಡಚುವ ಜಾಗಕ್ಕೆ ಲೆಕ್ಕ ಅದೇ. ಬೆರಳು ಗಿಡ್ಡ, ಪಾದದ ನಡುಭಾಗ ಉದ್ದ ಇರುವವರಿಗೆ ಬೆರಳ ತುದಿ ನೋಡಿ ಶೂ ಕೊಟ್ಟರೆ ತಪ್ಪಾಗುತ್ತದೆ.

ಅಗಲದಲ್ಲಿ ಆಯ್ಕೆ ಕೊಡುವ ಕಂಪನಿಗಳು ನ್ಯೂ ಬ್ಯಾಲೆನ್ಸ್, ಬ್ರೂಕ್ಸ್, ಏಸಿಕ್ಸ್. ಆಲ್ಟ್ರಾ ಎನ್ನುವುದರ ಮುಂಭಾಗ ಬೆರಳು ಹರಡುವಷ್ಟು ವಿಶಾಲ. ಇಲ್ಲಿ ಹೆಂಗಸರ ವಿಭಾಗದಲ್ಲಿ 12ರವರೆಗೆ ಕಷ್ಟವಿಲ್ಲದೆ ಸಿಗುತ್ತದೆ. ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳಬಹುದು. ಆದರೆ ಹಾಕಿ ನೋಡದ ಮಾದರಿಯನ್ನು ಹಾಗೆ ತರಿಸಬೇಡಿ. ಅಲ್ಲೇ ಒಂದು ಸಲ ಹಾಕಿ ನೋಡಿ ಗೊತ್ತಾದ ಮಾದರಿಯಾದರೆ ಮಾತ್ರ.

ಜಯನಗರ ಹತ್ತು ಕೆ

ಎಲ್ಲರೂ ಗಂಡಸರ ಶೂ ಅಂತಿದ್ದೀರಿ, ನಾನು ಒಪ್ಪಲ್ಲ. ಬೆಂಗಳೂರಲ್ಲಿ ಕಂಠೀರವ ಟ್ರ್ಯಾಕ್, ಕಬ್ಬನ್ ಪಾರ್ಕ್ ಎರಡು ಕಡೆನೂ ಓಡ್ತೀನಿ. ಗಂಡಸರ ಶೂ ಮುಂದೆ ಆರಾಮ, ನಿಜ. ಹಿಂದೆ ಹಿಮ್ಮಡಿ ಬಟ್ಟಲು ನನಗೆ ದೊಡ್ಡದು. ಪ್ರತಿ ಹೆಜ್ಜೆಗೂ ಎದ್ದು ಎದ್ದು ಬಿದ್ದು ಬೊಬ್ಬೆ ಬಂತು. ಹೆಂಗಸರ ಪಾದ ಅಂದ್ರೆ ಗಂಡಸರ ಪಾದವನ್ನ ಚಿಕ್ಕದು ಮಾಡಿದ್ದಲ್ಲ. ಅಮೆರಿಕದಲ್ಲಿ ಇಬ್ಬರು ಸಂಶೋಧಕರು ನೂರಾರು ಗಂಡಸರ, ಹೆಂಗಸರ ಪಾದಗಳನ್ನ ಹೋಲಿಸಿ 2001ರಲ್ಲಿ ಪ್ರಕಟಿಸಿದ್ರು. ಒಂದೇ ಉದ್ದದ ಪಾದ ಇಟ್ಟು ನೋಡಿದ್ರೂ ಪಾದದ ಕಮಾನು, ಹೊರಮಗ್ಗುಲು, ಹೆಬ್ಬೆರಳು, ಬೆರಳಿನ ಬುಡ ಇಲ್ಲೆಲ್ಲಾ ಆಕಾರ ಬೇರೆ. ಹಾಗಿರುವಾಗ "ಗಂಡಸರದು ಹಾಕ್ಕೋ" ಅನ್ನೋದು ಕಂಪನಿಗಳಿಗೆ ರಿಯಾಯಿತಿ ಕೊಟ್ಟ ಹಾಗೆ. ಹೆಂಗಸರ ಅಚ್ಚಿನಲ್ಲೇ ದೊಡ್ಡ ಸೈಜು, ಅಗಲದ ಸೈಜು ಮಾಡಿ ಇಲ್ಲಿ ಮಾರಬೇಕು. ನಾನಂತೂ ಹೆಂಗಸರ ಡಿ ಅಗಲದ್ದನ್ನೇ ಹುಡುಕಿ ಆನ್‌ಲೈನಲ್ಲಿ ತರಿಸ್ತೀನಿ.

ಕುಕ್ಕರಹಳ್ಳಿ ಬೆಳಗು

ಕಂಪನಿಗಳು ಮಾಡಬೇಕು ಅನ್ನೋದು ನೂರಕ್ಕೆ ನೂರು ಸರಿ. ಆದ್ರೆ ಅವರ ಓಟ ಈ ವರ್ಷ ಇದೆ. ಹಿಮ್ಮಡಿ ಜಾರೋದಕ್ಕೆ ಲೇಸ್ ಕಟ್ಟೋ ರೀತೀಲೇ ಪರಿಹಾರ ಇದೆ, ಅದನ್ನ ಎಷ್ಟೋ ಅಂಗಡಿಯವರೇ ಹೇಳ್ಕೊಡಲ್ಲ.

ಓಟದ ಶೂನಲ್ಲಿ ಎಲ್ಲಕ್ಕಿಂತ ಮೇಲೆ, ಕಾಲಿನ ಗಂಟಿನ ಹತ್ತಿರ, ಸ್ವಲ್ಪ ಹಿಂದಕ್ಕೆ ಒಂದು ತೂತು ಖಾಲಿ ಇರುತ್ತೆ. ಇರೋದೇ ಇದಕ್ಕೆ. ಮಾಮೂಲಿನಂತೆ ಕೆಳಗಿನಿಂದ ಏರಿಸ್ಕೊಂಡು ಬನ್ನಿ. ಕೊನೇ ತೂತಿಗೆ ಲೇಸನ್ನ ಅದೇ ಮಗ್ಗುಲಲ್ಲಿ ಹೊರಗಿನಿಂದ ಒಳಕ್ಕೆ ಹಾಕಿ, ಒಂದು ಸಣ್ಣ ಕುಣಿಕೆ ಉಳಿಸಿ. ಎರಡು ಮಗ್ಗುಲಲ್ಲೂ ಹೀಗೆ. ಈಗ ಬಲಗಡೆ ಲೇಸಿನ ತುದೀನ ಎಡಗಡೆ ಕುಣಿಕೆಯೊಳಗೆ, ಎಡಗಡೇದನ್ನ ಬಲಗಡೇದರೊಳಗೆ ತೂರಿಸಿ, ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕಚ್ಚಿ ಕೂರುತ್ತೆ, ಮುಂಗಾಲು ಸಡಿಲವಾಗೇ ಇರುತ್ತೆ. ಮುಂಗಾಲು ಇನ್ನೂ ಬಿಗಿ ಅನ್ನಿಸಿದ್ರೆ ಬೆರಳಿನ ಬುಡದ ಹತ್ತಿರ ಒಂದು ಕಡೆ ಅಡ್ಡ ದಾಟಿಸದೆ, ಲೇಸನ್ನ ಅದೇ ಮಗ್ಗುಲಲ್ಲಿ ನೇರ ಮೇಲಕ್ಕೆ ಒಯ್ಯಿರಿ.

ಇಷ್ಟು ಕಟ್ಟಿದ ಮೇಲೂ ಹಿಮ್ಮಡಿ ಎದ್ರೆ ಆ ಜೋಡಿ ನಿಮ್ಮದಲ್ಲ. ಆಗ ಜಯನಗರದವರು ಹೇಳಿದ ದಾರೀನೇ.

ಬರಿಗಾಲು ಬಳಗ

ನಾವು ಹಳ್ಳಿಯಲ್ಲಿ ಬರಿಗಾಲಲ್ಲಿ, ಇಲ್ಲಾ ಹವಾಯಿ ಚಪ್ಪಲೀಲಿ ಬೆಳೆದವರು. ಬೆರಳು ಹರಡಿಕೊಂಡೇ ಇರ್ತವೆ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬರಿಗಾಲಲ್ಲೇ ಬಾಳಿದ ಭಾರತೀಯರು, ಶೂ ಹಾಕೋ ಭಾರತೀಯರು, ಪಾಶ್ಚಾತ್ಯರು ಮೂರೂ ಗುಂಪಿನ ಪಾದ ಹೋಲಿಸಿದ್ರು. ಬರಿಗಾಲಿನವರ ಪಾದ ಅಗಲ, ನಡೆವಾಗ ಒತ್ತಡ ಪಾದದ ತುಂಬಾ ಸಮವಾಗಿ ಹಂಚಿಹೋಗುತ್ತೆ ಅಂತ ಕಂಡುಬಂತು. ಅಂದ್ರೆ ಅಗಲ ಪಾದ ಆರೋಗ್ಯದ ಪಾದ. ಎತ್ತರದ ಹಿಮ್ಮಡಿಯ ಶೂ ಬಿಟ್ಟು, ತೆಳು ತಳದ, ಮುಂಭಾಗ ಅಗಲ ಇರೋ ಶೂ ಹಾಕಿ ನೋಡಿ.

ಕಡಲೂರಿನ ಫಿಸಿಯೋ

ಅಗಲದ ಮುಂಭಾಗ, ಒಪ್ಪಿದೆ. ತೆಳು ತಳಕ್ಕೆ ಒಮ್ಮೆಲೇ ಹಾರುವುದು ಬೇಡ, ಅದೂ ಹಾಫ್ ಮ್ಯಾರಥಾನ್ ತಯಾರಿಯ ಮಧ್ಯದಲ್ಲಿ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿ ಭಾಗ ಮುಂಭಾಗಕ್ಕಿಂತ ಸುಮಾರು 8ರಿಂದ 12 ಮಿ.ಮೀ. ಎತ್ತರ ಇರ್ತದೆ. ಅದನ್ನು ಸೊನ್ನೆಗೆ ಇಳಿಸಿದರೆ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಭಾರ ಏರ್ತದೆ. ತಿಂಗಳುಗಟ್ಟಲೆ ನಿಧಾನ ರೂಢಿ ಮಾಡಿಕೊಂಡವರಿಗೆ ಸರಿ. ಓಟ ಮುಗಿದ ಮೇಲೆ ಬೇಕಾದರೆ ಶುರು ಮಾಡಿ.

ಚೆನ್ನೈ ಕನ್ನಡಿಗ

ಚರ್ಮೋದ್ಯಮದಲ್ಲಿ ಇರುವವನು. ಈ ಚರ್ಚೆಗೆ ಬೇಕಾದ ದೊಡ್ಡ ಲೆಕ್ಕ ಒಂದಿದೆ. ಇಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ಸಿ.ಎಲ್.ಆರ್.ಐ., 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು 3ಡಿ ಯಂತ್ರಗಳಿಂದ ಅಳೆಯಿತು. ಸ್ವಾತಂತ್ರ್ಯಕ್ಕೆ ಮುಂಚೆ ಬ್ರಿಟಿಷರು ತಂದ ಸೈಜುಗಳನ್ನೇ ನಾವು ಇಂದಿಗೂ ಬಳಸುತ್ತಿದ್ದೇವೆ, ಅದರ ಬದಲು ನಮ್ಮದೇ ಅಳತೆ ಪದ್ಧತಿ ಇರಲಿ ಎಂಬುದು ಉದ್ದೇಶ. ಅದಕ್ಕೆ "ಭ" ಎಂದು ಹೆಸರಿಟ್ಟರು, ಭಾರತದ ಭ.

ಸಮೀಕ್ಷೆಯಲ್ಲಿ ತಿಳಿದ ಮುಖ್ಯ ವಿಷಯ: ನಮ್ಮವರ ಪಾದ ಯೂರೋಪ್, ಅಮೆರಿಕದವರಿಗಿಂತ ಸಾಮಾನ್ಯವಾಗಿ ಅಗಲ. ಕಿರಿದಾದ ಅಚ್ಚಿನ ಶೂಗಳಲ್ಲಿ ಅಗಲ ಹೊಂದಿಸಲು ಜನ ಉದ್ದ ಜಾಸ್ತಿ ಇರುವ ಜೋಡಿ ಕೊಳ್ಳುತ್ತಿದ್ದಾರೆ. ಹುಡುಗಿಯರ ಪಾದ ಬೆಳೆಯುವ ವೇಗ 11ನೇ ವಯಸ್ಸಿನ ಹೊತ್ತಿಗೆ ತುತ್ತತುದಿಯಲ್ಲಿರುತ್ತದೆ, ಹುಡುಗರದು 15-16ರ ಹೊತ್ತಿಗೆ.

ಮಹಿಳೆಯರ ಸರಾಸರಿ ಸೈಜು 4ರಿಂದ 6 ಎಂದು ಅದರಲ್ಲೇ ಇದೆ. ಸಮಸ್ಯೆ ಸರಾಸರಿಯದ್ದಲ್ಲ. ಸರಾಸರಿಯನ್ನೇ ಗಡಿ ಎಂದುಕೊಂಡು ಅದರಾಚೆಯವರಿಗೆ ಮಾಲೇ ತರಿಸದಿರುವುದು ಸಮಸ್ಯೆ. ಗಂಡಸರ ಸರಾಸರಿ 5ರಿಂದ 11, ಅವರ ಕಪಾಟಿನಲ್ಲಿ 11 ಸಿಗುತ್ತದೆ, ಕೆಲವು ಕಡೆ 12 ಕೂಡ. ಹೆಂಗಸರಿಗೆ ಎರಡು ಸೈಜು ಆಚೆಗೆ ಬಾಗಿಲು ಮುಚ್ಚಿದರೆ ಹೇಗೆ?

ಹಾವೇರಿ ಪಿ.ಟಿ. ಟೀಚರ್

ಆ 11ನೇ ವಯಸ್ಸಿನ ಮಾತು ಓದಿ ಬರೆಯಲೇಬೇಕು ಅನ್ನಿಸಿತು. ಸರ್ಕಾರಿ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಓಟ, ಖೋಖೋ ಕಲಿಸುತ್ತೇನೆ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಹಲವರ ಪಾದ ಪೂರ್ತಿ ಬೆಳೆದಿರುತ್ತದೆ, ಮೈ ಇನ್ನೂ ಚಿಕ್ಕದು. ಅಪ್ಪ ಅಂಗಡಿಗೆ ಕರೆದುಕೊಂಡು ಹೋದಾಗ ಅಂಗಡಿಯವರು ಹುಡುಗಿಯ ಎತ್ತರ ನೋಡಿ 5 ತೆಗೆಯುತ್ತಾರೆ, ಆಗುವುದಿಲ್ಲ, 6 ಆಗುವುದಿಲ್ಲ, 7 ಇಲ್ಲ. ಅಲ್ಲೇ ಎಲ್ಲರೆದುರು "ಏನವ್ವಾ ನಿನ್ನ ಕಾಲು" ಅನ್ನುತ್ತಾರೆ. ಆ ಮಗು ಮಾರನೇ ದಿನದಿಂದ ಮೈದಾನಕ್ಕೆ ಬರಲು ಹಿಂಜರಿಯುತ್ತದೆ. ಖೋಖೋ ಬರಿಗಾಲಲ್ಲಿ ನಡೆಯುತ್ತದೆ. 800 ಮೀಟರ್, 1500 ಮೀಟರ್ ಅಭ್ಯಾಸ ದಿನಾ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಡೆಯುವುದಿಲ್ಲ. ಒಳ್ಳೇ ಓಟಗಾತಿಯರು ಹೀಗೆ ಕೈಬಿಟ್ಟು ಹೋಗಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ನಾನು ಮಕ್ಕಳಿಗೆ ಸ್ವಪ್ನಾ ಬರ್ಮನ್ ಕಥೆ ಹೇಳುತ್ತೇನೆ. ಪಶ್ಚಿಮ ಬಂಗಾಳದ ಜಲಪಾಯ್‌ಗುರಿಯ ಹುಡುಗಿ, ಎರಡೂ ಪಾದಗಳಲ್ಲಿ ಆರಾರು ಬೆರಳು. ಮಾಮೂಲಿ ಶೂಗಳಲ್ಲಿ ಆ ಅಗಲದ ಪಾದ ತುರುಕಿಕೊಂಡು ನೋವಿನಲ್ಲೇ ಅಭ್ಯಾಸ ಮಾಡಿ, 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಎಂಬ ಏಳು ಸ್ಪರ್ಧೆಗಳ ಆಟದಲ್ಲಿ ಚಿನ್ನ ಗೆದ್ದಳು, 6026 ಅಂಕ. ಆಕೆಯ ಅಳತೆಗೇ ಶೂ ತಯಾರಾಗಿ ಬಂದದ್ದು ಚಿನ್ನ ಗೆದ್ದ ಮೇಲೆ. ಗೆಲ್ಲುವ ತನಕ ಕಾಯಿಸಬಾರದು ಎಂಬುದೇ ನನ್ನ ತಕರಾರು.

ಚೆನ್ನೈ ಸರ್ ಹೇಳಿದ ಅಳತೆ ಯಂತ್ರ ನಮ್ಮ ಕೈಗೆ ಎಂದು ಬರುತ್ತದೋ, ಅಲ್ಲಿಯವರೆಗೆ ಹಾಳೆ, ಪೆನ್ಸಿಲ್ ಸಾಕು. ಈ ವಾರ ಎಲ್ಲಾ ಹುಡುಗಿಯರ ಅಳತೆ ತೆಗೆಯುತ್ತೇನೆ. ದಾವಣಗೆರೆ ಅಣ್ಣ, ನಿಮಗೆ ಕಳಿಸಬಹುದೇ?

ದಾವಣಗೆರೆ ಶೂ ಅಂಗಡಿ

ಖಂಡಿತ ಕಳಿಸಿ ಟೀಚರ್. ಉದ್ದ, ಅಗಲ ಎರಡೂ ಸೆಂಟಿಮೀಟರ್‌ನಲ್ಲಿ. ಹೆಸರು ಬೇಡ, ತರಗತಿ ಸಾಕು.

ಎರಡು ಮಕ್ಕಳ ತಾಯಿ

ಬಸಿರು-ಬಾಣಂತನದ ಮಾತು ಯಾರೂ ಎತ್ತಲಿಲ್ಲ. ಮೊದಲನೇ ಮಗು ಆದ ಮೇಲೆ ನನ್ನ ಹಳೇ ಶೂ ಯಾವುದೂ ಹಿಡೀಲಿಲ್ಲ. ಊತ ಇಳಿಯುತ್ತೆ ಅಂತ ಕಾದೆ, ಪಾದ ವಾಪಸ್ ಬರಲೇ ಇಲ್ಲ. ಇದು ನನ್ನೊಬ್ಬಳ ಕಥೆ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 49 ಹೆಂಗಸರನ್ನ ಬಸಿರಿನ ಶುರುವಿನಲ್ಲಿ ಮತ್ತು ಹೆರಿಗೆಯಾಗಿ ಐದು ತಿಂಗಳಿಗೆ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಹೆಚ್ಚಿನವರ ಪಾದದ ಕಮಾನು ತಗ್ಗಿ, ಪಾದ ಉದ್ದ ಆಗಿತ್ತು, ಅದೂ ಮೊದಲ ಬಸಿರಿನಲ್ಲೇ ಹೆಚ್ಚು. ಹೆರಿಗೆ ಆದ ಮೇಲೆ ಮತ್ತೆ ಓಡೋಕೆ ಶುರು ಮಾಡುವವರು ಹಳೇ ಸೈಜು ಹೇಳಿ ಶೂ ತರಿಸ್ಕೋಬೇಡಿ. ಮತ್ತೆ ಅಳೆಯಿರಿ.

ಮಲೆನಾಡ ಹಾದಿ

ಕಾಲುಂಗುರ! ಯಾರೂ ಹೇಳಿಲ್ಲ ಅಂತ ನಾನು ಹೇಳ್ತಿದೀನಿ. ಅಗಲ ಪಾದ, ಕಿರಿದು ಶೂ, ನಡುವೆ ಬೆಳ್ಳಿ ಸುತ್ತು. ಪಕ್ಕದ ಬೆರಳಿಗೆ ಕೊರೆದು ಕೊರೆದು ಗಾಯ ಆಗುತ್ತೆ. ದೂರ ಓಡೋ ದಿನ ತೆಗೆದಿಡೋದು ಒಳ್ಳೇದು. ತೆಗೆಯೋಕೆ ಮನೇಲಿ ಒಪ್ಪಲ್ಲ, ಇಲ್ಲಾ ತಮಗೇ ಮನಸ್ಸಿಲ್ಲ ಅನ್ನೋರಿಗೆ ದಾರಿ ಇದೆ: ಬಿಚ್ಚಿದ ಬಾಯಿಯ ತೆಳು ಉಂಗುರ, ಅದರ ಮೇಲೆ ಅಂಟುಪಟ್ಟಿ, ಆಮೇಲೆ ಐದು ಬೆರಳಿಗೂ ಬೇರೆ ಬೇರೆ ಚೀಲ ಇರೋ ಕಾಲುಚೀಲ. ಅದರ ದಪ್ಪವೂ ಸೇರೋದ್ರಿಂದ ಶೂ ನೋಡೋಕೆ ಹೋಗುವಾಗ ಅದನ್ನೇ ಹಾಕ್ಕೊಂಡು ಹೋಗಿ.

ಜಯನಗರ ಹತ್ತು ಕೆ

ಇದು ತುಂಬಾ ಉಪಯೋಗದ ಮಾತು. ನಮ್ಮ ಗುಂಪಿನಲ್ಲಿ ಮದುವೆಯಾದ ಹೊಸದರಲ್ಲಿ ಓಟ ಬಿಟ್ಟವರಿಗೂ ಹೇಳ್ತೀನಿ.

ಧಾರವಾಡದ ಓಟಗಾತಿ

ಬೆಂಗಳೂರಿಗೆ ಕೆಲಸದ ಮ್ಯಾಲೆ ಹೋಗಿದ್ದೆ, ಸಂಜಿ ಮುಂದ ಓಟದ ಶೂ ಅಷ್ಟ ಮಾರೋ ಅಂಗಡಿ ಹೊಕ್ಕೆ. ಮೊದಲ ಸೆಂಟಿಮೀಟರ್ ಹೇಳಿದೆ, ನಂಬರ್ ಹೇಳಲೇ ಇಲ್ಲ. ಹುಡುಗ ಒಂದು ಕ್ಷಣ ತಡೆದು, ಆಮೇಲೆ ಹೆಣ್ಣು-ಗಂಡು ಅನ್ನದ ನಾಕೈದು ಪೆಟ್ಟಿಗಿ ತಂದಿಟ್ಟ.

ಹೆಣ್ಣುಮಕ್ಕಳ ಡಿ ಅಗಲದ್ದು ಒಂದು ಜೋಡಿ ಇತ್ತು. ಅಗಲ ಛಲೋ, ಉದ್ದ ಮಾತ್ರ ಬಲಗಾಲಿಗೆ ಕಮ್ಮಿ, ಅದಕ್ಕಿಂತ ದೊಡ್ಡದು ಅವರ ಹತ್ರ ಇರಲಿಲ್ಲ. ಗಂಡಸರ 2ಇ ಹಾಕಿದೆ, ಭಾಳ ಅಗಲ, ಪಾದ ಒಳಗ ಈಜತಿತ್ತು. ಏಸಿಕ್ಸಿನ ಕ್ಯುಮುಲಸ್, ಗಂಡಸರ ಮಾಮೂಲಿ ಅಗಲದ್ದು, ಲೇಬಲ್ಲಿನ ಮ್ಯಾಲೆ 27.5 ಸೆಂ.ಮೀ. ಇದ್ದದ್ದು ಹೊಂದಿತು. ಸೋಲ್ ತಗದು ನಿಂತು ನೋಡಿದೆ, ಪಾದ ಅಂಚಿನೊಳಗ ಇತ್ತು. ಹಿಮ್ಮಡ ಸ್ವಲ್ಪ ಏಳತಿತ್ತು, ಕುಕ್ಕರಹಳ್ಳಿ ಅಕ್ಕ ಹೇಳಿದಂಗ ಕುಣಿಕಿ ಹಾಕಿ ಕಟ್ಟಿದ ಮ್ಯಾಲೆ ನಿಂತುಬಿಡ್ತು. ಅಂಗಡಿಯೊಳಗಿನ ಟ್ರೆಡ್‌ಮಿಲ್ ಮ್ಯಾಲೆ ಓಡಿ ನೋಡೇ ರೊಕ್ಕ ಕೊಟ್ಟೆ. ಹಿಂದಿನ ವರ್ಷದ ಮಾದರಿ, ಅದಕ್ಕ ಬೆಲಿನೂ ಇಳದಿತ್ತು.

ಹೋದ ಐತವಾರ 16 ಕಿಲೋಮೀಟರ್ ಓಡಿದೆ. ಜೋಮು ಬರಲಿಲ್ಲ. ಕೊನಿ ಎರಡು ಕಿಲೋಮೀಟರಿನಾಗ ನನಗ ಪಾದದ ನೆನಪ ಇರಲಿಲ್ಲ, ಮೊಣಕಾಲಿನ ಚಿಂತಿ ಅಷ್ಟ ಇತ್ತು. ಜಯನಗರ ಅಕ್ಕಾ, ನಿಮ್ಮ ಮಾತು ಮರತಿಲ್ಲ. ಹೆಣ್ಣುಮಕ್ಕಳ ಡಿ ಅಗಲದಾಗ ದೊಡ್ಡ ಸೈಜು ಬೇಕಂತ ಆ ಅಂಗಡಿಯಾಗೂ, ಕಂಪನಿ ಜಾಲತಾಣದಾಗೂ ಬರದು ಬಂದೀನಿ.

ಕಡಲೂರಿನ ಫಿಸಿಯೋ

ಬಹಳ ಸಂತೋಷ. ಕಪ್ಪಾದ ಉಗುರನ್ನು ಕೀಳಲು ಹೋಗಬೇಡಿ, ಅದರಷ್ಟಕ್ಕೆ ಬಿಡಿ, ಹೊಸದು ಬರುವಾಗ ತಾನೇ ಬಿದ್ದು ಹೋಗ್ತದೆ. ನೋವು, ಕೀವು ಕಂಡರೆ ಮಾತ್ರ ತೋರಿಸಿ. ಈ ಜೋಡಿಯಲ್ಲಿ ಎಷ್ಟು ಕಿಲೋಮೀಟರ್ ಓಡಿದಿರಿ ಎಂದು ಬರೆದಿಡಿ. 500ರಿಂದ 800 ಕಿ.ಮೀ. ಒಳಗೆ ಫೋಮ್ ಸೋಲ್ತದೆ. ನಿಮ್ಮ ಸೈಜು ಬೇಗ ಸಿಗುವುದಿಲ್ಲವಾದ್ದರಿಂದ, ಇದು ಸವೆಯುವ ಮೊದಲೇ ಇನ್ನೊಂದು ಜೋಡಿ ತಗೊಂಡು ಇಟ್ಟುಕೊಳ್ಳಿ, ಎರಡನ್ನೂ ಬದಲಾಯಿಸಿ ಹಾಕಿ.

ಹಾವೇರಿ ಪಿ.ಟಿ. ಟೀಚರ್

ಅಳತೆ ಮುಗಿಯಿತು, ದಾವಣಗೆರೆ ಅಣ್ಣನಿಗೆ ಕಳಿಸಿದ್ದೇನೆ. 25.5 ಸೆಂ.ಮೀ. ದಾಟಿದ ಹುಡುಗಿಯರೇ ಏಳು ಜನ, ಅದರಲ್ಲಿ ಒಬ್ಬಳದು 27. ಅಳೆಯುವಾಗ ನಾಚಿಕೊಂಡಿದ್ದವರು, ಎಲ್ಲರ ಸಂಖ್ಯೆ ಒಂದೇ ಹಾಳೆಯಲ್ಲಿ ಬರೆದು ನೋಡಿದ ಮೇಲೆ ನಕ್ಕು ಮಾತಾಡಲು ಶುರು ಮಾಡಿದರು. ಒಂದು ಪ್ರಶ್ನೆ: 27ರ ಹುಡುಗಿ 200 ಮೀಟರ್ ಓಡುವವಳು. ಅವಳಿಗೆ ಸ್ಪೈಕ್ಸ್, ಅಂದರೆ ತಳದಲ್ಲಿ ಮೊಳೆ ಇರುವ ಓಟದ ಶೂ ಬೇಕು. ಹೆಣ್ಣುಮಕ್ಕಳ ಸ್ಪೈಕ್ಸ್ ಆ ಅಳತೆಯಲ್ಲಿ ಬರುತ್ತದೆಯೇ?

ದಾವಣಗೆರೆ ಶೂ ಅಂಗಡಿ

ಸ್ಪೈಕ್ಸ್ ಬಹುಪಾಲು ಹೆಣ್ಣು-ಗಂಡು ಭೇದ ಇಲ್ಲದೆ ಒಂದೇ ಅಚ್ಚಿನಲ್ಲಿ ಬರ್ತವೆ ಟೀಚರ್, ಆ ವಿಷಯದಲ್ಲಿ ಚಿಂತೆ ಇಲ್ಲ. ಸ್ಪೈಕ್ಸ್ ಪಾದಕ್ಕೆ ಅಂಟಿ ಕೂರಬೇಕು, ಓಟದ ಶೂನಷ್ಟು ಜಾಗ ಬಿಡಬಾರದು. ಅದಕ್ಕೆ 27ರದ್ದೂ 27.5ರದ್ದೂ ಎರಡೂ ತರಿಸ್ತೀನಿ, ಹಾಕಿ ನೋಡಿ ಆಗಿದ್ದನ್ನ ಇಟ್ಕೊಳ್ಳಲಿ, ಇನ್ನೊಂದು ವಾಪಸ್ ಕಳಿಸ್ತೀನಿ. ಉಳಿದ ಆರು ಜನಕ್ಕೆ ಓಟದ ಶೂ ಗಂಡಸರ 7, 7.5, 8ರಲ್ಲಿ ಆಗಬಹುದು, ಅಗಲ ನೋಡಿದ್ರೆ ಇಬ್ಬರಿಗೆ ಹೆಂಗಸರ 8 ಕೂಡ ಆಗುತ್ತೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬನ್ನಿ, ಸಂಜೆವರೆಗೂ ಅಂಗಡಿಯಲ್ಲೇ ಇರ್ತೀನಿ. ಮಕ್ಕಳು ಓಡುವಾಗ ಹಾಕೋ ಕಾಲುಚೀಲಾನೇ ಹಾಕ್ಕೊಂಡು ಬರಲಿ.